ಗೇರ್ ಬಾಕ್ಸ್ ಸೆನ್ಸರ್‌ಗೆ ಎಲೆಕ್ಟ್ರಾನಿಕ್ ಸ್ಪೀಡೋಮೀಟರ್ ಜೋಡಿಸುವುದು: ಕೊಡಗಿನ ಗಾಡಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಹಳೆ ಜೀಪು ಇಟ್ಟುಕೊಂಡವರ ಬಾಯಲ್ಲಿ ಈ ಮಾತು ಮಾಮೂಲಿ: ಗಾಡಿ ಚೆನ್ನಾಗಿದೆ, ಮೀಟರ್ ಮಾತ್ರ ಓಡಲ್ಲ. ಕೇಬಲ್ ತುಂಡಾಗಿರುತ್ತದೆ. ಇಲ್ಲವೇ ಮೀಟರಿನ ಒಳಗಿನ ಪ್ಲಾಸ್ಟಿಕ್ ಹಲ್ಲು ಸವೆದಿರುತ್ತದೆ. ತೋಟದೊಳಗೆ ಓಡುವ ಗಾಡಿಗೆ ಮೀಟರ್ ಯಾಕೆ ಅಂತ ಬಿಟ್ಟುಬಿಡುವವರೇ ಜಾಸ್ತಿ. ಆದರೆ ಅದೇ ಗಾಡಿ ಮರುದಿನ ಸಂಪಾಜೆ ಘಾಟಿ ಇಳಿಯುತ್ತದೆ, ಮೈಸೂರಿಗೂ ಹೋಗಿ ಬರುತ್ತದೆ. ಇಳಿಜಾರಿನ ತಿರುವಿನಲ್ಲಿ ವೇಗ ಎಷ್ಟಿದೆ ಅಂತ ಅಂದಾಜಿನಲ್ಲಿ ಹೇಳುವುದು ಕಷ್ಟ. ಮೀಟರ್ ಇರಲೇಬೇಕು ಅಂತ ಕಾನೂನೂ ಹೇಳುತ್ತದೆ: ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 117ನೇ ನಿಯಮ ಸ್ಪೀಡೋಮೀಟರಿಗೆ ಸಂಬಂಧಿಸಿದ್ದು.

ಮೊಬೈಲಿನ ಜಿಪಿಎಸ್ ಇದೆಯಲ್ಲ ಅಂತ ನೀವು ಕೇಳಬಹುದು. ಬಯಲು ಸೀಮೆಯಲ್ಲಾದರೆ ಅದು ಸಾಕು. ನಮ್ಮಲ್ಲಿ ರಸ್ತೆಯ ಎರಡೂ ಬದಿ ಸಿಲ್ವರ್ ಓಕ್, ಅತ್ತಿ, ಹಲಸು ಕವಿದುಕೊಂಡಿರುತ್ತವೆ. ಒಂದು ಕಡೆ ಬರೆ, ಅಂದರೆ ಕಡಿದಾದ ಗುಡ್ಡದ ಗೋಡೆ, ಇನ್ನೊಂದು ಕಡೆ ಕಣಿವೆ. ಸಿಗ್ನಲ್ ಸಿಕ್ಕರೂ ಜಿಪಿಎಸ್ ವೇಗ ಒಂದೆರಡು ಸೆಕೆಂಡ್ ತಡವಾಗಿ ಬರುತ್ತದೆ. ಘಾಟಿಯ ತಿರುವಿಗೆ ಆ ತಡವೇ ಜಾಸ್ತಿ. ಗೇರ್ ಬಾಕ್ಸ್ ಸೆನ್ಸರ್, ಅಂದರೆ ಗೇರ್ ಬಾಕ್ಸಿನ ಶಾಫ್ಟ್ ತಿರುಗುವುದನ್ನು ವೈರಿನ ಮೂಲಕ ಎಲೆಕ್ಟ್ರಾನಿಕ್ ಮೀಟರಿಗೆ ತಿಳಿಸುವ ಸಾಧನ, ಹಾಗಲ್ಲ. ಶಾಫ್ಟ್ ತಿರುಗಿದ ಕೂಡಲೇ ಸುದ್ದಿ ಕೊಡುತ್ತದೆ, ಮೋಡ ಇರಲಿ, ಮರ ಇರಲಿ.

ಕೆಲಸ ಶುರು ಮಾಡುವ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಇದರಲ್ಲಿ ವೈರು ಜೋಡಿಸುವುದು ಸುಲಭದ ಭಾಗ. ಸೆನ್ಸರ್ ಯಾವ ಜಾತಿಯದು ಅಂತ ತಿಳಿಯುವುದು, ಜಾಯಿಂಟಿನೊಳಗೆ ನೀರು ಹೋಗದ ಹಾಗೆ ನೋಡಿಕೊಳ್ಳುವುದು, ಈ ಎರಡೇ ನಿಜವಾದ ಕೆಲಸ. ನನ್ನ ಮಟ್ಟಿಗೆ ಕೆಲಸದ ಮುಕ್ಕಾಲು ಸಮಯ ಇವೆರಡಕ್ಕೇ ಕೊಡಬೇಕು.

ಯಾವ ಗಾಡಿಗೆ ಆಗುತ್ತದೆ, ಯಾವುದಕ್ಕೆ ಬೇಡ

ಗೇರ್ ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸ್ (ಫೋರ್ ವೀಲ್ ಗಾಡಿಯಲ್ಲಿ ಹಿಂದಿನ, ಮುಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಮೇಲೆ ಎರಡು ಅಥವಾ ಮೂರು ವೈರಿನ ಸ್ಪೀಡ್ ಸೆನ್ಸರ್ ಇದ್ದರೆ ಈ ಕೆಲಸ ಆರಾಮಾಗಿ ಆಗುತ್ತದೆ. ಕೇಬಲ್ ಮೀಟರಿನ ಹಳೆ ಜೀಪಾದರೂ ಆಗುತ್ತದೆ. ಕೇಬಲ್ ಕೂರುವ ಜಾಗಕ್ಕೆ ತಿರುಗಿಸಿ ಹಾಕುವ ಪಲ್ಸ್ ಸೆನ್ಸರ್, ಅಂದರೆ ಪ್ರತಿ ಸುತ್ತಿಗೆ ಇಷ್ಟು ಅಂತ ವಿದ್ಯುತ್ ಮಿಡಿತ (ಪಲ್ಸ್) ಕೊಡುವಂಥದ್ದು, ಪ್ರತ್ಯೇಕವಾಗಿ ಸಿಗುತ್ತದೆ. ಅಂಗಡಿಗೆ ಹೋಗುವಾಗ ಹಳೆ ಕೇಬಲ್ ತೆಗೆದುಕೊಂಡು ಹೋಗಿ, ಅದರ ತುದಿಯ ನಟ್ಟಿನ ಥ್ರೆಡ್ಡಿಗೆ ಹೊಂದುವುದನ್ನೇ ತನ್ನಿ.

ಇತ್ತೀಚಿನ ಎಷ್ಟೋ ಕಾರುಗಳಲ್ಲಿ ಗೇರ್ ಬಾಕ್ಸಿನಲ್ಲಿ ಇಂಥ ಸೆನ್ಸರೇ ಇರುವುದಿಲ್ಲ. ವೇಗದ ಲೆಕ್ಕ ಎಬಿಎಸ್‌ನ ಚಕ್ರದ ಸೆನ್ಸರಿನಿಂದ ಹೊರಟು ಕ್ಯಾನ್ ಲೈನಿನಲ್ಲಿ, ಅಂದರೆ ಗಾಡಿಯ ಕಂಪ್ಯೂಟರುಗಳು ಒಂದಕ್ಕೊಂದು ಸುದ್ದಿ ಕಳಿಸುವ ವೈರಿನಲ್ಲಿ, ಮೀಟರಿಗೆ ಬರುತ್ತದೆ. ಅಲ್ಲಿ ವೈರು ಕತ್ತರಿಸಲು ಹೋಗಬೇಡಿ. ಎಬಿಎಸ್ ಸೆನ್ಸರಿನ ವೈರಿಗಂತೂ ಕೈ ಹಾಕಲೇಬೇಡಿ, ಅದು ಬ್ರೇಕಿನ ವಿಷಯ. ಡ್ಯಾಶ್‌ಬೋರ್ಡ್ ಕೆಳಗೆ ಹಳದಿ ಕಪ್ಲರ್ (ವೈರು ಸೇರಿಸುವ ಪ್ಲಗ್) ಅಥವಾ ಹಳದಿ ಸ್ಲೀವ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್ ಲೈನ್. ಅದಕ್ಕೆ ಟೆಸ್ಟ್ ಲ್ಯಾಂಪ್ ತಾಗಿಸಬಾರದು.

ಸೆನ್ಸರ್ ಎಲ್ಲಿದೆ?

ಫೋರ್ ವೀಲ್ ಜೀಪಾದರೆ ಮೊದಲು ಟ್ರಾನ್ಸ್‌ಫರ್ ಕೇಸಿನ ಹಿಂದಿನ ತುದಿ ನೋಡಿ. ಪ್ರೊಪೆಲ್ಲರ್ ಶಾಫ್ಟ್ ಹೊರಡುವ ಜಾಗದ ಹತ್ತಿರ ಕೇಬಲ್ ಅಥವಾ ಸೆನ್ಸರ್ ಇರುತ್ತದೆ. ಅಲ್ಲಿದ್ದರೆ ನಿಮಗೆ ಲಾಭವೇ. ಟ್ರಾನ್ಸ್‌ಫರ್ ಲಿವರನ್ನು ಲೋ ರೇಂಜಿಗೆ ಹಾಕಿದರೂ ಮೀಟರ್ ಸರಿಯಾಗಿ ತೋರಿಸುತ್ತದೆ, ಯಾಕೆಂದರೆ ಲೋ ರೇಂಜಿನ ಹಲ್ಲುಗಳನ್ನು ದಾಟಿದ ಮೇಲೆ ಎಣಿಕೆ ಆಗುತ್ತಿದೆ. ಸೆನ್ಸರ್ ಟ್ರಾನ್ಸ್‌ಫರ್ ಕೇಸಿಗಿಂತ ಮುಂಚೆ, ಗೇರ್ ಬಾಕ್ಸಿನಲ್ಲೇ ಇದ್ದರೆ ಲೋ ರೇಂಜಿನಲ್ಲಿ ಮೀಟರ್ ತುಂಬಾ ಜಾಸ್ತಿ ತೋರಿಸುತ್ತದೆ. ಅದು ದೋಷವಲ್ಲ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಸೆನ್ಸರ್ ಗೇರ್ ಬಾಕ್ಸಿನ ಮೇಲೆ, ಡಿಫರೆನ್ಷಿಯಲ್ ಹತ್ತಿರ ಕೂತಿರುತ್ತದೆ.

ಗಾಡಿಯ ಕೆಳಗೆ ಹೋಗುವ ಮುನ್ನ ಸಮತಟ್ಟು ಜಾಗ ಹುಡುಕಿ. ನಮ್ಮ ಮನೆಯಂಗಳಗಳು ಕಣ್ಣಿಗೆ ಮಟ್ಟ ಕಂಡರೂ ಇಳಿಜಾರಿರುತ್ತವೆ. ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದರೆ ಒಳ್ಳೆಯದು. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ಎರಡೂ ಚಕ್ರ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜ್ಯಾಕ್ ನಂಬಿ ಕೆಳಗೆ ಮಲಗಬೇಡಿ. ಗೇರ್ ನ್ಯೂಟ್ರಲ್, ಟ್ರಾನ್ಸ್‌ಫರ್ ಟೂ ಹೈ (2H, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ), ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಕೆಲವು ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುತ್ತದೆ, ಎಳೆದಿಟ್ಟರೆ ಶಾಫ್ಟ್ ತಿರುಗುವುದೇ ಇಲ್ಲ. ಅದಕ್ಕೇ ಕಲ್ಲಿನ ಮೇಲೆ ಇಷ್ಟು ಒತ್ತು ಕೊಡುತ್ತಿದ್ದೇನೆ. ಹಿಂದಿನ ಎರಡೂ ಚಕ್ರವನ್ನು ಒಟ್ಟಿಗೆ, ಒಂದೇ ದಿಕ್ಕಿಗೆ ಕೈಯಲ್ಲೇ ತಿರುಗಿಸಿ, ಎಂಜಿನ್ ಹಾಕಿ ತಿರುಗಿಸಬೇಡಿ.

ಎರಡು ವೈರೋ, ಮೂರು ವೈರೋ

ಇದು ಇಡೀ ಕೆಲಸದ ಹೃದಯ. ನಿಧಾನವಾಗಿ ಓದಿ.

ಎರಡು ವೈರಿನದು ಸಾಮಾನ್ಯವಾಗಿ ಮ್ಯಾಗ್ನೆಟಿಕ್ ಸೆನ್ಸರ್. ಒಳಗೆ ಒಂದು ಆಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಎದುರಿಗೆ ಕಬ್ಬಿಣದ ಹಲ್ಲು ಹಾದುಹೋದಾಗಲೆಲ್ಲ ಒಂದು ಸಣ್ಣ ಎಸಿ ವೋಲ್ಟೇಜ್ ಹುಟ್ಟುತ್ತದೆ. ಇದಕ್ಕೆ ಬ್ಯಾಟರಿ ಲೈನ್ ಬೇಡ. ವೇಗ ಹೆಚ್ಚಿದ ಹಾಗೆ ವೋಲ್ಟೇಜೂ ಹೆಚ್ಚುತ್ತದೆ, ನಿಧಾನದಲ್ಲಿ ತೀರಾ ಕಡಿಮೆ ಇರುತ್ತದೆ.

ಪರೀಕ್ಷೆ ಹೀಗೆ. ಕಪ್ಲರ್ ಬಿಚ್ಚಿ, ಸೆನ್ಸರಿನ ಎರಡು ಪಿನ್ನುಗಳ ನಡುವೆ ಮಲ್ಟಿಮೀಟರಿನಲ್ಲಿ ಓಮ್ಸ್ ನೋಡಿ. ಸಾಮಾನ್ಯವಾಗಿ ಕೆಲವು ನೂರರಿಂದ ಒಂದೆರಡು ಸಾವಿರ ಓಮ್ ಬರುತ್ತದೆ. ಸೊನ್ನೆ ಬಂದರೆ ಒಳಗೆ ಶಾರ್ಟ್, ಏನೂ ಬರದಿದ್ದರೆ ಸುರುಳಿ ತುಂಡಾಗಿದೆ. ಈಗ ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಇನ್ನೊಬ್ಬರಿಗೆ ಚಕ್ರ ತಿರುಗಿಸಲು ಹೇಳಿ. ಒಂದು ವೋಲ್ಟಿಗಿಂತ ಕಡಿಮೆಯೇ ಕಾಣಬಹುದು. ಚಕ್ರ ಜೋರಾಗಿ ತಿರುಗಿಸಿದಾಗ ಅದು ಏರಬೇಕು, ನಿಲ್ಲಿಸಿದಾಗ ಸೊನ್ನೆಗೆ ಬರಬೇಕು. ಹಾಗಾದರೆ ಸೆನ್ಸರ್ ಜೀವಂತ.

ಮೂರು ವೈರಿನದು ಸಾಮಾನ್ಯವಾಗಿ ಹಾಲ್ ಸೆನ್ಸರ್, ಅಂದರೆ ಆಯಸ್ಕಾಂತದ ಬಲ ಬದಲಾದದ್ದನ್ನು ಗುರುತಿಸುವ ಸಣ್ಣ ಚಿಪ್ ಇರುವಂಥದ್ದು. ಒಂದು ವೈರು ಪವರ್, ಒಂದು ಅರ್ತ್, ಒಂದು ಸಿಗ್ನಲ್. ಪವರ್ 12 ವೋಲ್ಟ್ ಇರಬಹುದು, 5 ವೋಲ್ಟೂ ಇರಬಹುದು. ಅಂದಾಜಿನಲ್ಲಿ 12 ಕೊಟ್ಟರೆ 5 ವೋಲ್ಟಿನ ಸೆನ್ಸರ್ ಸುಟ್ಟುಹೋಗಬಹುದು, ಆದ್ದರಿಂದ ಕೀ ಆನ್ ಮಾಡಿ ಗಾಡಿಯ ಕಡೆಯ ಕಪ್ಲರಿನಲ್ಲಿ ಎಷ್ಟು ಬರುತ್ತಿದೆ ಅಂತ ಅಳೆಯಿರಿ. ನಂತರ ಕಪ್ಲರ್ ಸೇರಿಸಿ, ಹಿಂಬದಿಯಿಂದ ತೆಳು ಗುಂಡುಪಿನ್ ಹಾಕಿ ಸಿಗ್ನಲ್ ವೈರಿಗೆ ಮಲ್ಟಿಮೀಟರ್ ಹಿಡಿಯಿರಿ, ಡಿಸಿ ವೋಲ್ಟಿನಲ್ಲಿ. ಚಕ್ರವನ್ನು ಬಹಳ ನಿಧಾನವಾಗಿ, ಬೆರಳಷ್ಟು ಬೆರಳಷ್ಟೇ ತಿರುಗಿಸಿ. ಪರದೆಯ ಅಂಕಿ ಸೊನ್ನೆಯ ಹತ್ತಿರ ನಿಂತಿರುತ್ತದೆ, ಸ್ವಲ್ಪ ತಿರುಗಿಸಿದ ಮೇಲೆ ಒಮ್ಮೆಲೇ 5ಕ್ಕೋ 12ಕ್ಕೋ ಹಾರುತ್ತದೆ, ಇನ್ನಷ್ಟು ತಿರುಗಿಸಿದರೆ ಮತ್ತೆ ಸೊನ್ನೆ. ನಡುವೆ ಎಲ್ಲೂ ನಿಲ್ಲುವುದಿಲ್ಲ. ಈ ಹಾರಾಟ ಕಂಡರೆ ಸಿಗ್ನಲ್ ಸರಿಯಾಗಿದೆ.

ಹಾರದೆ ಸುಮ್ನೆ ಸೊನ್ನೆಯಲ್ಲೇ ಇದ್ದರೆ ಸೆನ್ಸರ್ ಕೆಟ್ಟಿದೆ ಅಂತ ಎಸೆಯಬೇಡಿ. ಬಹುತೇಕ ಹಾಲ್ ಸೆನ್ಸರುಗಳು ಸಿಗ್ನಲ್ಲನ್ನು ಕೆಳಕ್ಕೆ ಎಳೆಯಬಲ್ಲವು, ಮೇಲಕ್ಕೆ ತಾವಾಗಿ ಎತ್ತಲಾರವು. ಎತ್ತುವುದಕ್ಕೆ ಪುಲ್ ಅಪ್ ರೆಸಿಸ್ಟರ್ ಬೇಕು. ಪವರ್ ವೈರಿಗೂ ಸಿಗ್ನಲ್ ವೈರಿಗೂ ನಡುವೆ 4.7 ಕಿಲೋ ಓಮ್ ಅಥವಾ 10 ಕಿಲೋ ಓಮಿನ ರೆಸಿಸ್ಟರ್ ಹಾಕಿ ಮತ್ತೆ ನೋಡಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಇದು ಚಿಲ್ಲರೆ ಕಾಸಿನ ವಸ್ತು. ಕೆಲವು ಮೀಟರುಗಳ ಒಳಗೇ ಇದು ಇರುತ್ತದೆ, ಜೊತೆಗೆ ಬಂದ ಕೈಪಿಡಿ ನೋಡಿ.

ಹೊಸ ಮೀಟರ್ ಕೊಳ್ಳುವಾಗಲೂ ಇದೇ ತಿಳುವಳಿಕೆ ಬೇಕು. ಬರೀ ಹಾಲ್ ಸಿಗ್ನಲ್ ತೆಗೆದುಕೊಳ್ಳುವ ಮೀಟರಿಗೆ ಮ್ಯಾಗ್ನೆಟಿಕ್ ಸೆನ್ಸರ್ ಕೊಟ್ಟರೆ ನಿಧಾನದಲ್ಲಿ ಮುಳ್ಳು ಏಳುವುದೇ ಇಲ್ಲ. ಎರಡನ್ನೂ ತೆಗೆದುಕೊಳ್ಳುವಂಥದ್ದು ಸಿಗುತ್ತದೆ. ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ಕೊಳ್ಳಿ.

ಸೆನ್ಸರನ್ನು ಒಮ್ಮೆ ಹೊರಗೆ ತೆಗೆದು ನೋಡುವುದು ಒಳ್ಳೆಯದು. ಕೆಳಗೆ ತಟ್ಟೆ ಇಡಿ, ಗೇರ್ ಆಯಿಲ್ ಸ್ವಲ್ಪ ಸುರಿಯಬಹುದು. ಮ್ಯಾಗ್ನೆಟಿಕ್ ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ ಗಡ್ಡದ ಹಾಗೆ ಅಂಟಿಕೊಂಡಿರುತ್ತದೆ. ಅದನ್ನು ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಬಾರಿ ಸತ್ತಂತಿದ್ದ ಸಿಗ್ನಲ್ ವಾಪಸ್ ಬರುತ್ತದೆ. ಓ ರಿಂಗ್ ಗಟ್ಟಿಯಾಗಿದ್ದರೆ ಹೊಸದು ಹಾಕಿ, ಆಯಿಲ್ ಹಚ್ಚಿ ಕೂರಿಸಿ. ಬೋಲ್ಟನ್ನು ಅತಿಯಾಗಿ ಬಿಗಿಯಬೇಡಿ, ಪ್ಲಾಸ್ಟಿಕ್ ಕಿವಿ ಸೀಳುತ್ತದೆ.

ವೈರು ಎಳೆಯುವುದು

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಆಮೇಲೆ ಉಳಿದದ್ದು.

ಸೆನ್ಸರಿನಿಂದ ಮೀಟರಿನವರೆಗೆ ಒಂದಕ್ಕೊಂದು ಹೆಣೆದ, ಮೇಲೆ ಶೀಲ್ಡ್ (ಲೋಹದ ಹೊದಿಕೆ) ಇರುವ ವೈರು ಹಾಕಿ. ಮ್ಯಾಗ್ನೆಟಿಕ್ ಸೆನ್ಸರಿಗೆ ಇದು ಬೇಕೇ ಬೇಕು. ಶೀಲ್ಡನ್ನು ಮೀಟರ್ ಕಡೆ ಮಾತ್ರ ಅರ್ತ್ ಮಾಡಿ, ಸೆನ್ಸರ್ ಕಡೆ ಕತ್ತರಿಸಿ ಟೇಪ್ ಸುತ್ತಿಬಿಡಿ. ಎರಡೂ ಕಡೆ ಅರ್ತ್ ಕೊಟ್ಟರೆ ಶೀಲ್ಡೇ ತೊಂದರೆ ತರುತ್ತದೆ. ಮ್ಯಾಗ್ನೆಟಿಕ್ ಸೆನ್ಸರಿನ ಎರಡನೇ ವೈರನ್ನು ಸಿಕ್ಕ ಬೋಲ್ಟಿಗೆ ಕಟ್ಟಬೇಡಿ. ಅದೂ ಮೀಟರಿನವರೆಗೆ ಬಂದು, ಮೀಟರಿನ ಸೆನ್ಸರ್ ಅರ್ತ್ ಪಿನ್ನಿಗೇ ಸೇರಲಿ.

ದಾರಿ ಆರಿಸುವಾಗ ಮೂರು ಶತ್ರುಗಳಿದ್ದಾರೆ: ಸೈಲೆನ್ಸರ್ ಪೈಪಿನ ಬಿಸಿ, ತಿರುಗುವ ಶಾಫ್ಟ್, ಆಲ್ಟರ್ನೇಟರ್. ಮೂರರಿಂದಲೂ ದೂರ ಇರಲಿ. ಪೆಟ್ರೋಲ್ ಗಾಡಿಯಾದರೆ ಪ್ಲಗ್ ವೈರೂ ಸೇರಿತು. ಚಾಸಿಸ್ಸಿನ ಒಳಬದಿಯಲ್ಲಿ, ಗಾಡಿಯ ಹಳೆ ವೈರಿಂಗ್ ಹೋದ ದಾರಿಯಲ್ಲೇ ಕೇಬಲ್ ಟೈ ಹಾಕುತ್ತಾ ಹೋಗಿ. ಸೆನ್ಸರ್ ಹತ್ತಿರ ಒಂದು ಗೇಣು ಸಡಿಲ ಬಿಡಿ. ಏರಿನಲ್ಲಿ ಎಂಜಿನ್ ತನ್ನ ಮೌಂಟಿನ ಮೇಲೆ ವಾಲುತ್ತದೆ, ಬಿಗಿಯಾಗಿ ಕಟ್ಟಿದ ವೈರು ಆಗ ಕಪ್ಲರನ್ನು ಎಳೆಯುತ್ತದೆ. ಎಂಜಿನ್ ಕಡೆಯಿಂದ ಒಳಗೆ ಬರಲು ಇರುವ ರಬ್ಬರ್ ಗ್ರೊಮೆಟಿನಲ್ಲೇ (ತೂತಿನ ಅಂಚಿಗೆ ಕೂರುವ ಬಳೆ) ತೂರಿಸಿ. ಹೊಸ ತೂತು ಕೊರೆದರೆ ಅಂಚಿಗೆ ಪೇಂಟ್ ಹಚ್ಚಿ ಗ್ರೊಮೆಟ್ ಹಾಕದೆ ಬಿಡಬೇಡಿ.

ಮೀಟರಿನ ಕಡೆ ಸಾಮಾನ್ಯವಾಗಿ ಇಷ್ಟು ವೈರು ಬರುತ್ತವೆ. ಇಗ್ನಿಷನ್ ಲೈನ್, ಅಂದರೆ ಕೀ ಆನ್ ಮಾಡಿದಾಗ ಮಾತ್ರ 12 ವೋಲ್ಟ್ ಬರುವಂಥದ್ದು. ಕೆಲವಕ್ಕೆ ನೆನಪು ಉಳಿಸಲು ಬ್ಯಾಟರಿಯಿಂದ ಡೈರೆಕ್ಟ್ ಲೈನ್. ಅರ್ತ್. ಸಿಗ್ನಲ್. ರಾತ್ರಿ ಬೆಳಕಿಗೆ ಪಾರ್ಕ್ ಲೈಟಿನ ಲೈನ್. ಬಣ್ಣ ಕಂಪನಿಗೊಂದು ಥರ, ಆದ್ದರಿಂದ ಬಣ್ಣ ನಂಬಬೇಡಿ, ಕೈಪಿಡಿ ನಂಬಿ. ಪವರ್ ಲೈನಿಗೆ ಪ್ರತ್ಯೇಕ ಫ್ಯೂಸ್ ಹಾಕಿ. ಎಷ್ಟು ಆಂಪಿಯರ್ ಅಂತ ಕೈಪಿಡಿಯಲ್ಲಿರುತ್ತದೆ, ಮೀಟರೊಂದಕ್ಕೆ 5 ಆಂಪಿಯರ್ ದಾಟುವ ಅಗತ್ಯ ಬರುವುದಿಲ್ಲ. ಅರ್ತಿಗೆ ಪೇಂಟ್ ಕೆರೆದು, ಲೋಹ ಹೊಳೆಯುವ ಹಾಗೆ ಮಾಡಿ, ರಿಂಗ್ ಲಗ್ ಹಾಕಿ ಬೋಲ್ಟಿನಲ್ಲಿ ಬಿಗಿಯಿರಿ. ಮೀಟರಿನ ತಂಟೆಗಳಲ್ಲಿ ಅರ್ಧಕ್ಕೆ ಕಾರಣ ಕೆಟ್ಟ ಅರ್ತ್ ಅನ್ನುವುದು ನನ್ನ ನಂಬಿಕೆ.

ಅದೇ ಸೆನ್ಸರ್ ಇಸಿಯುಗೂ (ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಸಿಗ್ನಲ್ ಕೊಡುತ್ತಿದ್ದರೆ ಹಳೆ ವೈರು ಕತ್ತರಿಸಬಾರದು, ಪಕ್ಕದಿಂದ ಕವಲು ತೆಗೆಯಬೇಕು. ಹಾಲ್ ಸಿಗ್ನಲ್ ಸಾಮಾನ್ಯವಾಗಿ ಇಬ್ಬರನ್ನೂ ಸಾಕುತ್ತದೆ. ಮ್ಯಾಗ್ನೆಟಿಕ್ ಸಿಗ್ನಲ್ ಬಡವ, ಅದಕ್ಕೆ ಎರಡು ಬಾಯಿ ಕಟ್ಟಿದರೆ ಎರಡಕ್ಕೂ ಸಾಲುವುದಿಲ್ಲ. ಇಸಿಯುನಿಂದ ಹೊರಬರುವ ಸ್ಪೀಡ್ ಲೈನ್ ಇದ್ದರೆ ಅಲ್ಲಿಂದ ತೆಗೆದುಕೊಳ್ಳಿ, ಇಲ್ಲದಿದ್ದರೆ ನಡುವೆ ಸಿಗ್ನಲ್ ಬಫರ್, ಅಂದರೆ ಸಿಗ್ನಲ್ಲಿಗೆ ಬಲ ಕೊಟ್ಟು ಮುಂದೆ ಕಳಿಸುವ ಸಣ್ಣ ಸರ್ಕ್ಯೂಟ್, ಹಾಕಿ.

ನೀರು

ನಮ್ಮೂರಿನಲ್ಲಿ ಈ ಕೆಲಸಕ್ಕೆ ಒಳ್ಳೆಯ ಸಮಯ ಕಾಫಿ ಹೂ ಬಿಡಿಸುವ ಹೂ ಮಳೆ ಮುಗಿದ ಮೇಲೆ, ಮುಂಗಾರು ಹಿಡಿಯುವ ಮೊದಲು. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಡಿಯ ಕೆಳಭಾಗ ಸರಿಯಾಗಿ ಒಣಗುವುದೇ ಇಲ್ಲ. ಮಳೆಗಾಲ ಕಳೆದ ಮೇಲೆ ಸರಿಯಾಗಿ ಮುಚ್ಚದ ಒಂದು ಕಪ್ಲರ್ ಬಿಚ್ಚಿ ನೋಡಿ. ಪಿನ್ನಿನ ಬುಡದಲ್ಲಿ ಹಸಿರು ಕಿಲುಬು, ವೈರಿನ ಪ್ಲಾಸ್ಟಿಕ್ ಸುಲಿದರೆ ಒಳಗಿನ ತಾಮ್ರ ಕಪ್ಪಾಗಿರುತ್ತದೆ. ನೀರು ಎಳೆಗಳ ನಡುವೆ ಗೇಣುಗಟ್ಟಲೆ ಮೇಲಕ್ಕೆ ಹತ್ತಿರುತ್ತದೆ. ಅಲ್ಲಿಗೆ ಸೋಲ್ಡರೂ ಹಿಡಿಯುವುದಿಲ್ಲ.

ಹಾಗಾಗಿ ಗಾಡಿಯ ಕೆಳಗೆ ಜಾಯಿಂಟೇ ಇಲ್ಲದ ಹಾಗೆ ಮಾಡುವುದು ಮೊದಲ ಉಪಾಯ. ಸೆನ್ಸರಿನ ಕಪ್ಲರಿನಿಂದ ಡ್ಯಾಶ್‌ಬೋರ್ಡಿನವರೆಗೆ ಒಂದೇ ತುಂಡು ವೈರು. ಜಾಯಿಂಟ್ ಬೇಕೇ ಆದರೆ ಸರಿಯಾದ ಕ್ರಿಂಪಿಂಗ್ ಪ್ಲೈಯರಿನಲ್ಲಿ ಕ್ರಿಂಪ್ ಮಾಡಿ, ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿ. ಎರಡೂ ತುದಿಯಲ್ಲಿ ಅಂಟು ಹೊರಗೆ ಒಸರಬೇಕು, ಆಗಲೇ ಅದು ಮುಚ್ಚಿದೆ ಅಂತ ಅರ್ಥ. ಬರೀ ಇನ್ಸುಲೇಶನ್ ಟೇಪ್ ಒಂದು ಮಳೆಗಾಲಕ್ಕೆ ಬಿಚ್ಚಿಕೊಳ್ಳುತ್ತದೆ. ವೈರಿನ ಮೇಲೆ ಒತ್ತಿ ಕಚ್ಚಿಸುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಗಾಡಿಯ ಕೆಳಗಂತೂ ಹಾಕಬೇಡಿ, ಅವು ವೈರನ್ನು ಸೀಳಿ ನೀರಿಗೆ ಬಾಗಿಲು ತೆರೆಯುತ್ತವೆ. ಕಪ್ಲರಿನೊಳಗೆ ಸಿಲಿಕೋನ್ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ, ಚಾಸಿಸ್ ಗ್ರೀಸ್ ಅಲ್ಲ.

ವೈರು ಕಪ್ಲರಿಗೆ ಅಥವಾ ಗ್ರೊಮೆಟಿಗೆ ಸೇರುವ ಮುಂಚೆ ಒಮ್ಮೆ ಕೆಳಗೆ ಇಳಿದು ಮೇಲೆ ಹತ್ತಬೇಕು. ಹರಿದು ಬಂದ ನೀರು ಆ ಬಾಗಿನ ತುದಿಯಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹೋಗುವುದಿಲ್ಲ. ಇಡೀ ವೈರಿಗೆ ಫ್ಲೆಕ್ಸಿಬಲ್ ಪೈಪ್ ಹಾಕಿ. ಶೆಡ್ಡಿನಲ್ಲಿ ನಿಂತ ಗಾಡಿಯ ವೈರು ಇಲಿ ಕಡಿಯುವುದು ನಮ್ಮಲ್ಲಿ ಹೊಸದೇನಲ್ಲ. ವಾಟರ್ ಸರ್ವಿಸಿಗೆ ಬಿಟ್ಟಾಗ ಗೇರ್ ಬಾಕ್ಸ್ ಮೇಲಿನ ಕಪ್ಲರಿಗೆ ನೇರವಾಗಿ ಪ್ರೆಷರ್ ಹಿಡಿಯಬೇಡಿ ಅಂತ ಹುಡುಗರಿಗೆ ಹೇಳಿ.

ಲೆಕ್ಕ

ಮೀಟರಿಗೆ ಒಂದು ಕಿಲೋಮೀಟರಿಗೆ ಎಷ್ಟು ಪಲ್ಸ್ ಅಂತ ಹೇಳಿಕೊಡಬೇಕು. ಮೊದಲು ಟೈರು. 215/75 ಆರ್15 ಟೈರಿನ ಪಕ್ಕದ ಎತ್ತರ, ಅಂದರೆ ಅಗಲ 215ರ ಶೇ 75, 161.25 ಮಿ.ಮೀ. ಎರಡು ಪಟ್ಟು ಮಾಡಿ 15 ಇಂಚಿನ ರಿಮ್ಮಿನ 381 ಸೇರಿಸಿದರೆ ವ್ಯಾಸ 703.5, ಸುತ್ತಳತೆ ಸುಮಾರು 2210 ಮಿ.ಮೀ. ಆದರೆ ಭಾರ ಬಿದ್ದ ಟೈರು ಸ್ವಲ್ಪ ಕುಗ್ಗಿರುತ್ತದೆ. ಅದಕ್ಕೆ ಕಾಗದದ ಲೆಕ್ಕಕ್ಕಿಂತ ನೆಲದ ಅಳತೆ ವಾಸಿ. ಗಾಳಿ ಸರಿಯಾಗಿ ತುಂಬಿಸಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಚಕ್ರ 10 ಸುತ್ತು ಉರುಳುವಷ್ಟು ಗಾಡಿ ತಳ್ಳಿ, ಟೇಪಿನಲ್ಲಿ ಅಳೆಯಿರಿ. 21.5 ಮೀಟರ್ ಬಂತು ಅಂದುಕೊಳ್ಳಿ. ಅಂದರೆ ಸುತ್ತಿಗೆ 2.15 ಮೀಟರ್, ಕಿಲೋಮೀಟರಿಗೆ ಸುಮಾರು 465 ಸುತ್ತು.

ಸೆನ್ಸರ್ ನೇರ ಪ್ರೊಪೆಲ್ಲರ್ ಶಾಫ್ಟಿನ ಹಲ್ಲು ಎಣಿಸುವುದಾದರೆ ಇದನ್ನು ಡಿಫರೆನ್ಷಿಯಲ್ ರೇಶಿಯೋದಿಂದ, ಆಮೇಲೆ ಹಲ್ಲಿನ ಸಂಖ್ಯೆಯಿಂದ ಗುಣಿಸಿ. ರೇಶಿಯೋ 4.1, ಹಲ್ಲು 8 ಆದರೆ ಸುಮಾರು 15,250 ಪಲ್ಸ್. ಕೇಬಲ್ ಜಾಗಕ್ಕೆ ಹಾಕಿದ ಸೆನ್ಸರಾದರೆ ಲೆಕ್ಕ ಬೇರೆ. ಜಪಾನಿನ ಪದ್ಧತಿಯ ಗಾಡಿಗಳಲ್ಲಿ ಕೇಬಲ್ ಕಿಲೋಮೀಟರಿಗೆ 637 ಸುತ್ತು ತಿರುಗುತ್ತದೆ. ಸುತ್ತಿಗೆ 4 ಪಲ್ಸ್ ಕೊಡುವ ಸೆನ್ಸರಿದ್ದರೆ 2548. ಮೀಟರ್ ಮೈಲಿಯ ಲೆಕ್ಕ ಕೇಳಿದರೆ 1.609ರಿಂದ ಗುಣಿಸಿ, 4100 ಆಗುತ್ತದೆ.

ಈ ಅಂಕಿ ಮೊದಲ ಅಂದಾಜು ಮಾತ್ರ. ಬಹುತೇಕ ಮೀಟರುಗಳಲ್ಲಿ ಒಂದು ಗೊತ್ತಾದ ದೂರ ಓಡಿಸಿ ಬಟನ್ ಒತ್ತಿ ಕಲಿಸುವ ಸೌಲಭ್ಯ ಇರುತ್ತದೆ. ಶುರುವಿನ ಕಲ್ಲಿನ ಹತ್ತಿರ ಒಮ್ಮೆ ಒತ್ತಿ, ಕೊನೆಯ ಕಲ್ಲಿನ ಹತ್ತಿರ ಇನ್ನೊಮ್ಮೆ. ಕಾಫಿ ಮೂಟೆ ಲೋಡ್ ಮಾಡುವಾಗ ಎಣಿಸಿದ ಹಾಗೆ ಮೀಟರ್ ನಡುವಿನ ಪಲ್ಸ್ ಎಣಿಸಿಕೊಳ್ಳುತ್ತದೆ. ಇದಕ್ಕೆ ಕುಶಾಲನಗರ ದಾಟಿ ಬೈಲಕುಪ್ಪೆ, ಪಿರಿಯಾಪಟ್ಟಣದ ಕಡೆ ಹೋಗುವ ಹೆದ್ದಾರಿ ಅನುಕೂಲ. ಮಡಿಕೇರಿ ಸುತ್ತಲಿಗಿಂತ ನೇರ, ಆಕಾಶ ತೆರೆದಿರುವುದರಿಂದ ಜಿಪಿಎಸ್ ಜೊತೆ ತಾಳೆ ನೋಡಲೂ ಆಗುತ್ತದೆ. ಹಳದಿ ತಲೆಯ ಕಿಲೋಮೀಟರ್ ಕಲ್ಲು ನೋಡಿಕೊಳ್ಳಿ, ನಡುವಿನ 200 ಮೀಟರಿನ ಸಣ್ಣ ಕಲ್ಲುಗಳಿಗೆ ಮೋಸಹೋಗಬೇಡಿ. ಬೆಳಗ್ಗೆ ಬೇಗ ಹೋಗಿ, ಪಕ್ಕದಲ್ಲಿ ಒಬ್ಬರು ಕೂತು ಬಟನ್ ಒತ್ತಲಿ. ತಿತಿಮತಿ ಕಡೆಯ ಕಾಡು ದಾರಿಯಲ್ಲಿ ಇದಕ್ಕಾಗಿ ನಿಲ್ಲಿಸುವುದು ಬೇಡ, ಆನೆ ಓಡಾಡುವ ಜಾಗ.

ಆಮೇಲೆ ಒಂದೇ ವೇಗದಲ್ಲಿ ಓಡಿಸಿ ಜಿಪಿಎಸ್ ಜೊತೆ ಹೋಲಿಸಿ. ಮೀಟರ್ 60, ಜಿಪಿಎಸ್ 54 ತೋರಿಸಿದರೆ ಹಳೆ ಪಲ್ಸ್ ಅಂಕಿಯನ್ನು 60ರಿಂದ ಗುಣಿಸಿ 54ರಿಂದ ಭಾಗಿಸಿ. 2548 ಇದ್ದದ್ದು 2831 ಆಗುತ್ತದೆ. ಮೀಟರ್ ಸ್ವಲ್ಪ ಜಾಸ್ತಿ ತೋರಿಸಿದರೆ ಪರವಾಗಿಲ್ಲ, ಕಡಿಮೆ ತೋರಿಸಬಾರದು. ವಿಶ್ವಸಂಸ್ಥೆಯ 39ನೇ ವಾಹನ ನಿಯಮವೂ ಇದನ್ನೇ ಹೇಳುತ್ತದೆ: ನಿಜವಾದ ವೇಗದ ಶೇ 10 ಮತ್ತು ಅದರ ಮೇಲೆ 4 ಕಿ.ಮೀ.ವರೆಗೆ ಜಾಸ್ತಿ ತೋರಿಸಬಹುದು. ದಪ್ಪ ಟೈರು ಹಾಕಿಸಿದರೆ ಮತ್ತೆ ಲೆಕ್ಕ ಮಾಡಿ. 215/75 ಬಿಟ್ಟು 235/75 ಹಾಕಿದರೆ ಸುತ್ತಳತೆ ಶೇ 4ಕ್ಕಿಂತ ಜಾಸ್ತಿ ಏರುತ್ತದೆ, ಮೀಟರ್ ಅಷ್ಟು ಕಡಿಮೆ ತೋರಿಸತೊಡಗುತ್ತದೆ.

ತೊಂದರೆ ಬಂದರೆ

ಗಾಡಿ ನಿಂತಿದ್ದರೂ ಮುಳ್ಳು ಕುಣಿಯುತ್ತಿದ್ದರೆ ಅರ್ತ್ ನೋಡಿ, ಆಮೇಲೆ ಶೀಲ್ಡ್, ಆಮೇಲೆ ಆಲ್ಟರ್ನೇಟರ್ ಪಕ್ಕ ಹಾದ ವೈರು. ಹಾರ್ನ್ ಅಥವಾ ಇಂಡಿಕೇಟರ್ ಹಾಕಿದಾಗ ಮಾತ್ರ ಹಾರಿದರೆ ಬಹುತೇಕ ಅರ್ತ್. ನಿಧಾನದಲ್ಲಿ ಸೊನ್ನೆ, ವೇಗ ಹಿಡಿದ ಮೇಲೆ ಸರಿ ಅಂದರೆ ಮ್ಯಾಗ್ನೆಟಿಕ್ ಸಿಗ್ನಲ್ ದುರ್ಬಲ, ತುದಿಯ ಪುಡಿ ಒರೆಸಿ, ಸೆನ್ಸರ್ ಪೂರ್ತಿ ಕೂತಿದೆಯಾ ನೋಡಿ. ಸರಿಯಾಗಿ ಎರಡು ಪಟ್ಟು ತೋರಿಸಿದರೆ ಪಲ್ಸ್ ಅಂಕಿ ಅರ್ಧ ಇಟ್ಟಿದ್ದೀರಿ. ಮಳೆಯಲ್ಲಿ ಮಾತ್ರ ನಿಂತರೆ ಕಪ್ಲರ್. ಏರು ಹತ್ತುವಾಗ ಮಾತ್ರ ಬಿಟ್ಟುಬಿಟ್ಟು ಬಂದರೆ ವೈರು ಎಳೆಯುತ್ತಿದೆ. ಮಾಂದಲ್‌ಪಟ್ಟಿ ಥರದ ಕೆಸರು ಏರಿನಲ್ಲಿ ಗಾಡಿ ತೆವಳುತ್ತಿದ್ದರೂ ಮೀಟರ್ 30, 40 ತೋರಿಸುತ್ತದೆ, ಅಲ್ವಾ? ಅಲ್ಲಿ ಚಕ್ರ ಜಾರಿ ತಿರುಗುತ್ತಿದೆ ಅಷ್ಟೇ. ಸರಿಪಡಿಸುವುದೇನಿಲ್ಲ.

ಹಳೆ ಮೀಟರ್ ತೆಗೆಯುವ ಮುನ್ನ ಅದರ ಕಿಲೋಮೀಟರ್ ಅಂಕಿಯ ಫೋಟೋ ತೆಗೆದುಕೊಳ್ಳಿ. ಆ ಅಂಕಿ ಮತ್ತು ಹೊಸ ಮೀಟರ್ ಹಾಕಿದ ತಾರೀಖನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಪಲ್ಸ್ ಅಂಕಿಯನ್ನೂ ಅಲ್ಲೇ ಬರೆಯಿರಿ, ಬ್ಯಾಟರಿ ಬಿಚ್ಚಿದಾಗ ಕೆಲವು ಮೀಟರ್ ಅದನ್ನು ಮರೆಯುತ್ತವೆ. ಮುಂದೆ ಗಾಡಿ ಮಾರುವಾಗ ಕೊಳ್ಳುವವರಿಗೆ ಎರಡೂ ಮೀಟರಿನ ಅಂಕಿ ತೋರಿಸಿ. ಗೇರ್ ಆಯಿಲ್ ಬದಲಿಸುವ ಲೆಕ್ಕಕ್ಕೂ ಎರಡನ್ನೂ ಕೂಡಿಸಬೇಕು.